ಸ್ಯಾಕ್ಸನಿ ದೊರೆಯ ಹಣೆಗೆ ಕುಂಕುಮ

ಗುರುವಾರ ಸಂಜೆ ಪೂಜೆಯ ಬೆಳ್ಳಿ ಸಾಮಾನುಗಳನ್ನು ವಿಭೂತಿ ಹಾಕಿ ತಿಕ್ಕುವುದು ನನ್ನ ನೇಮ. ಕಪ್ಪು ಕಂಡರೆ ಸುಮ್ಮನಿರದ ಈ ಕೈ ನನ್ನನ್ನು ಎಂಥ ಪೇಚಿಗೆ ಸಿಕ್ಕಿಸಿತು, ಕೇಳಿ. ಅಂದು ಹಾಗೆ ತಿಕ್ಕುತ್ತ ಕುಳಿತಿದ್ದಾಗ ತಿ. ನರಸೀಪುರದ ಶಾಲೆಯಿಂದ ಯಜಮಾನರ ಫೋನು ಬಂತು.

"ಶಾರದಾ, ಮೈಸೂರಿನ ಸ್ನೇಹಿತ್ರು ನಾಳೆ ಬೆಳಿಗ್ಗೆ ಮನೆಗೇ ಬತ್ತಾರಂತೆ ಕಣೇ. ಸ್ಯಾಕ್ಸನಿ ಕೊಟ್ರೆ ಹ್ಯಾನೋವರ್ ಕೊಡ್ತಾರಂತೆ! ನಾಣ್ಯದ ಡಬ್ಬಿ ಮುಟ್ಬೇಡ, ನಾನೇ ಬಂದು ತೆಗೀತೀನಿ."

ಡಬ್ಬಿ ನನ್ನ ಮುಂದೆಯೇ ತೆರೆದಿತ್ತು. ಸ್ಯಾಕ್ಸನಿಯ ದೊರೆ ಥಳಥಳಿಸುತ್ತ, ಹಣೆಗೆ ಕುಂಕುಮ ಇಟ್ಟುಕೊಂಡು ಮಣೆಯ ಮೇಲೆ ಒಣಗುತ್ತಿದ್ದ.

ನಂಜನಗೂಡಿನ ಮೇಷ್ಟರಿಗೆ ಜರ್ಮನಿಯ ನಾಣ್ಯಗಳ ಹುಚ್ಚೇಕೆ ಎನ್ನಬೇಡಿ. ನಮ್ಮ ಮೈಸೂರಿನಂತೆ ಅಲ್ಲಿಯೂ ಹಿಂದೆ ಸಂಸ್ಥಾನಗಳಿದ್ದುವಂತೆ. ಒಬ್ಬೊಬ್ಬ ದೊರೆಗೂ ಅವನದೇ ಬೆಳ್ಳಿ ನಾಣ್ಯ. ಅಂಥ ಆರನ್ನು ಕೂಡಿಸಲು ಇವರು ಸ್ಕೂಟರಿನ ಆಸೆ ಬಿಟ್ಟು ಬಸ್ಸಿನಲ್ಲೇ ಓಡಾಡಿದವರು. ಹ್ಯಾನೋವರ್ ಒಂದಕ್ಕಾಗಿ ಏಳು ವರ್ಷ ಆ ಸ್ನೇಹಿತರಿಗೆ ಕಾಗದ ಬರೆದವರು. ಹಳೆಯ ಕಪ್ಪು ಅಳಿದ ನಾಣ್ಯವನ್ನು ಸಂಗ್ರಹಕಾರರು ಕಣ್ಣೆತ್ತಿಯೂ ನೋಡರೆಂದು ಎಷ್ಟೋ ಸಲ ಹೇಳಿದ್ದರು. ಬೆಳ್ಳಿಯೆಂದರೆ ಲಕ್ಷ್ಮಿ, ಲಕ್ಷ್ಮಿ ಮಾಸಿರಬಾರದು ಎಂಬ ನನ್ನ ಶಾಸ್ತ್ರದ ಭರದಲ್ಲಿ ಅದು ನೆನಪಾಗಲೇ ಇಲ್ಲ.

ಯಜಮಾನರ ಬಸ್ಸು ಬರಲು ಇನ್ನೊಂದು ಗಂಟೆಯಿತ್ತು. ದೀಪದ ಮಸಿ ಬಳಿದೆ. ದೊರೆ ನಾಟಕದ ವೇಷಗಾರನಂತಾದ. ಒರೆಸಿದೆ. "ವಿಷ ನುಂಗಿದ ನಂಜುಂಡ, ನಿನ್ನ ಕಂಠದ ಕಪ್ಪಿನಲ್ಲಿ ಒಂದು ಚೂರು ಇವನಿಗೆ ಕೊಡಪ್ಪ" ಎಂದು ಬೇಡಿದೆ. ಕೊಡಲಿಲ್ಲ.

ಯಜಮಾನರು ಬಂದು ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದರು. "ನೂರೈವತ್ತು ವರ್ಷ ಕೂತಿದ್ದ ಕಪ್ಪನ್ನ ಅರ್ಧ ಗಂಟೇಲಿ ತೆಗೆದ್ಬಿಟ್ಯಲ್ಲೇ." ಅಷ್ಟೇ. ಬೈದಿದ್ದರೆ ನನಗೆ ಊಟವಾದರೂ ಸೇರುತ್ತಿತ್ತು.

ಮರುದಿನ ಬಂದ ಸ್ನೇಹಿತರು ನಕ್ಕು, "ಮೇಷ್ಟ್ರೇ, ನಿಮ್ಮ ದೊರೆ ಅಭ್ಯಂಜನ ಮಾಡ್ಕೊಂಡವ್ನೆ ಕಣ್ರೀ" ಎಂದವರೇ ತಂದಿದ್ದ ಹ್ಯಾನೋವರನ್ನು ಮತ್ತೆ ಜೇಬಿಗೆ ಇಳಿಸಿಕೊಂಡರು. ಕಾಫಿ ಕುಡಿದು ಹೋದರು.

ಅವರನ್ನು ಬಸ್ಸಿಗೆ ಹತ್ತಿಸಿ ಬಂದ ಯಜಮಾನರು ನೆಟ್ಟಗೆ ದೇವರ ಮನೆಗೆ ಹೋಗಿ, ಸ್ಯಾಕ್ಸನಿಯನ್ನು ಕಳಶದ ಪಕ್ಕದಲ್ಲಿಟ್ಟರು. "ಇವನು ಇನ್ಮೇಲೆ ನಿನ್ನ ಪಾಲು. ಮಿಕ್ಕ ಐವರನ್ನ ನನ್ನ ಕೈಯಿಂದ ಕಾಪಾಡು ಅಂತ ನಿನ್ನ ನಂಜುಂಡನಿಗೆ ನೀನೇ ಹೇಳ್ಕೋ."

ಎರಡನೆಯ ನಾಣ್ಯಕ್ಕೆ ಕೈ ಹಾಕುವ ಮೊದಲೇ ಆ ಫೋನು ಬಂದಿತ್ತಲ್ಲ. ನಂಜುಂಡ ಕಪ್ಪು ಕೊಡದಿದ್ದರೂ ಗಂಟೆ ಬಾರಿಸಿದ್ದ.

ಹಿಂದಿನ ಸಂಜೆಯಿಂದ ತಿಕ್ಕದೆ ಉಳಿದದ್ದು ನಮ್ಮವ್ವನ ಕುಂಕುಮದ ಭರಣಿಯೊಂದೇ. ಅದರ ಹೂಬಳ್ಳಿಯ ಸಂದಿಯಲ್ಲಿ ಅವ್ವನ ಕಾಲದ ಕಪ್ಪು ಹಾಗೇ ಇತ್ತು. ವಿಭೂತಿ ತೆಗೆದುಕೊಂಡವಳು ಕೆಳಗಿಟ್ಟೆ. ಒಣಬಟ್ಟೆಯಲ್ಲಿ ಒಮ್ಮೆ ಒರೆಸಿ, ಕುಂಕುಮ ತುಂಬತೊಡಗಿದೆ.