ಬಫೆಲೊ ಸೋತ ನಾಲ್ಕು ಜನವರಿಗಳು

ಪಕೀರಬ್ಬನವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣ ಎಂದು ಕೂತಿದ್ದೇನೆ. ಬರೆಯುತ್ತೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ: ನನಗೆ ಆ ಮನುಷ್ಯನ ಮೇಲೆ ವರ್ಷಗಟ್ಟಲೆ ಹೊಟ್ಟೆಕಿಚ್ಚಿತ್ತು. ಸಣ್ಣಪುಟ್ಟದ್ದಲ್ಲ, ತಿಂದ ಅನ್ನ ಮೈಗೆ ಹತ್ತದಷ್ಟು. ಇದನ್ನು ಮುಚ್ಚಿಟ್ಟು ಬರೆದರೆ ನೀವು ನನ್ನನ್ನು ಸಾಧು ಎಂದುಕೊಳ್ಳುತ್ತೀರಿ, ಅದು ಬೇಡ.

ನಾವಿಬ್ಬರೂ ಕತಾರಿನ ಉಮ್ ಸಯೀದಿನಲ್ಲಿ ಒಂದು ಗುತ್ತಿಗೆ ಕಂಪೆನಿಯ ಸ್ಟೋರಿನಲ್ಲಿದ್ದೆವು. ಪೈಪು, ವಾಲ್ವು, ಬೋಲ್ಟುಗಳ ದೊಡ್ಡ ಗೋದಾಮು ಅದು. ನಾನು ಆಲ್ಬರ್ಟ್, ಶಿರ್ವದವನು, ಬಿಕಾಂ, ಆಫೀಸಿನ ಕ್ಲಾರ್ಕು. ಪಕೀರಬ್ಬ ಗುರುಪುರದ ಹತ್ತಿರದ ಅಡ್ಡೂರಿನ ಬ್ಯಾರಿ, ನನಗಿಂತ ಹನ್ನೆರಡು ವರ್ಷ ದೊಡ್ಡವರು, ಓದಿದ್ದು ಎಂಟನೆಯ ಕ್ಲಾಸು, 1978ರಿಂದ ಅಲ್ಲಿ ಸ್ಟೋರ್‌ಕೀಪರ್. ಯಾವ ಬೋಲ್ಟು ಯಾವ ಕಪಾಟಿನ ಎಷ್ಟನೇ ಖಾನೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ನಾನು ಅವರನ್ನು ಪಕೀರಾಕ ಎನ್ನುತ್ತಿದ್ದೆ, ಅವರು ನನ್ನನ್ನು ಪೊರ್ಬುಗಳೇ ಎನ್ನುತ್ತಿದ್ದರು. ನಮ್ಮೂರಲ್ಲಿ ಕ್ರಿಶ್ಚಿಯನ್ನರನ್ನು ಹಾಗೆ ಕರೆಯುವುದು ವಾಡಿಕೆ.

1989ರಲ್ಲಿ ನಮಗೆ ಹೊಸ ಮ್ಯಾನೇಜರ್ ಬಂದರು, ಡೊನೆಲಿ ಎಂಬ ಅಮೆರಿಕನ್. ಊರು ಬಫೆಲೊ. ಬಂದ ದಿನವೇ ಮೇಜಿನ ಮೇಲೆ ಒಂದು ಟೋಪಿ ಇಟ್ಟರು. ಅದರ ಮೇಲೆ ನೀಲಿ ಬಣ್ಣದ ಕೋಣವೊಂದು ಮುನ್ನುಗ್ಗುವ ಚಿತ್ರ. ಅದು ಬಫೆಲೊ ಬಿಲ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಗುರುತು. ಬಿಲ್ಲಿಗೆ ಸಹಿ ಹಾಕಿಸಲು ಹೋದ ಪಕೀರಬ್ಬ ಟೋಪಿಯನ್ನೇ ನೋಡುತ್ತಾ ನಿಂತರು. ಅವರ ತಂದೆ ಊರಿನ ಜಮೀನ್ದಾರರ ಗುತ್ತಿನ ಮನೆಯಲ್ಲಿ ಕಂಬಳದ ಓಟದ ಕೋಣಗಳಿಗೆ ಎಣ್ಣೆ ತಿಕ್ಕಿ, ಹುರುಳಿ ಬೇಯಿಸಿ ಹಾಕುತ್ತಿದ್ದವರು.

"ಸಾರ್, ದಿಸ್ ಬಫೆಲೊ ರನ್ನಿಂಗ್?" ಎಂದು ಕೇಳಿದರು.

"ಪ್ರತಿ ಭಾನುವಾರ ಓಡುತ್ತದೆ, ಕೆಲವೊಮ್ಮೆ ಸರಿಯಾದ ದಿಕ್ಕಿಗೆ," ಎಂದು ಸಾಹೇಬರು ಇಂಗ್ಲಿಷಿನಲ್ಲಿ ನಕ್ಕರು.

ಅಷ್ಟಕ್ಕೇ ಆಯಿತು. ಮುಂದಿನ ಶುಕ್ರವಾರ ಜುಮಾ ನಮಾಜು ಮುಗಿಸಿ ಪಕೀರಬ್ಬ ಬಫೆಲೊದ ಆಟದ ಕ್ಯಾಸೆಟ್ ನೋಡುತ್ತಾ ಸಾಹೇಬರ ವಿಲ್ಲಾದ ಸೋಫಾದ ಮೇಲೆ ಕೂತಿದ್ದರು. ಆಮೇಲೆ ಆಟ ನಡೆಯುವ ತಿಂಗಳುಗಳಲ್ಲಿ ಪ್ರತಿ ಶುಕ್ರವಾರವೂ ಅದೇ. ಆ ಸೋಫಾ ಹೇಗಿದೆ ಎಂದು ನಾನು ನೋಡಿದ್ದು ಒಂದೇ ಸಲ. ಇಂಗ್ಲಿಷಿನಲ್ಲಿ ಪತ್ರ ಬರೆಯುವವನು ನಾನು, ಸಾಹೇಬರ ಫೈಲು ಹೊರುವವನು ನಾನು, ಸೋಫಾ ಮಾತ್ರ ಎಂಟನೇ ಕ್ಲಾಸಿನವರಿಗೆ. ಹೊಟ್ಟೆ ಉರಿಯದೆ ಇರುತ್ತದಾ?

ಆ ಆಟದಲ್ಲಿ ಕಾಲಿಗೆ ಕೆಲಸ ಕಡಿಮೆ. ಮೊಟ್ಟೆಯಾಕಾರದ ಚೆಂಡನ್ನು ಎದೆಗೆ ಅವಚಿಕೊಂಡು ಓಡಬೇಕು, ಇಲ್ಲವೇ ದೂರಕ್ಕೆ ಎಸೆಯಬೇಕು. ಎದುರಿನವರು ಓಡುವವನನ್ನು ನೆಲಕ್ಕೆ ಕೆಡವಬೇಕು. ಫೈನಲ್ ಜನವರಿ ಕೊನೆಯಲ್ಲಿ. ನಮಗೆ ಅದು ಟಿವಿಯಲ್ಲಿ ಕಾಣುತ್ತಿರಲಿಲ್ಲ. ಸಾಹೇಬರ ತಮ್ಮ ಬಫೆಲೊದಲ್ಲಿ ಕೂತು ಕ್ಯಾಸೆಟಿಗೆ ಇಳಿಸಿ ಅಂಚೆಗೆ ಹಾಕಬೇಕು, ಅದು ಕತಾರಿಗೆ ಬಂದು ಸೆನ್ಸಾರಿನವರು ನೋಡಿ ಬಿಟ್ಟು ನಮ್ಮ ಕೈಗೆ ಸಿಗುವಾಗ ಮೂರು ವಾರ. ಆದ್ದರಿಂದ ಸಾಹೇಬರದ್ದೊಂದು ಕಾನೂನಿತ್ತು. ಕ್ಯಾಸೆಟ್ ಬರುವವರೆಗೆ ಫಲಿತಾಂಶವನ್ನು ಆಫೀಸಿನಲ್ಲಿ ಯಾರೂ ಉಸುರಬಾರದು. ತಮ್ಮನಿಗೆ ಫೋನು ಮಾಡಿದರೂ ಹವಾಮಾನ ಬಿಟ್ಟು ಬೇರೆ ಮಾತಿಲ್ಲ.

ಆಫೀಸಿಗೆ ಬರುವ ಇಂಗ್ಲಿಷ್ ಪೇಪರನ್ನು ಸಾಹೇಬರ ಮೇಜಿಗಿಡುವ ಮೊದಲು ಆಟದ ಪುಟ ತೆಗೆಯುವ ಕೆಲಸ ಪಕೀರಬ್ಬನವರದ್ದು. ಅವರು ಅದನ್ನು ಗುಟ್ಟಾಗಿ ನನಗೆ ದಾಟಿಸಿದರು.

"ಪೊರ್ಬುಗಳೇ, ಆ ಪುಟ ನೀವು ತೆಗೀರಿ. ನಾನು ತೆಗೆದ್ರೆ ಕಣ್ಣು ಅಲ್ಲಿಗೇ ಹೋಗ್ತದೆ. ನಿಮಗಾದ್ರೆ ಈ ಆಟ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಲ್ವಾ?"

ಹೀಗೆ ಬಫೆಲೊ ಗೆದ್ದಿತೋ ಸೋತಿತೋ ಎಂಬುದು ಇಡೀ ಆಫೀಸಿನಲ್ಲಿ ಮೂರು ವಾರ ನನಗೊಬ್ಬನಿಗೇ ಗೊತ್ತಿರುತ್ತಿತ್ತು. ಅವರಿಬ್ಬರೂ ಆಸೆಯಿಂದ ಕಾಯುವುದನ್ನು ನೋಡುತ್ತಾ ಕೂರುವುದರಲ್ಲಿ ನನಗೊಂದು ಸುಖ ಸಿಗುತ್ತಿತ್ತು. ಕೆಟ್ಟ ಸುಖ, ಗೊತ್ತು. ಆದರೂ ಅನುಭವಿಸಿದೆ.

1991ರ ಜನವರಿಯಲ್ಲಿ ಇರಾಕಿನ ಯುದ್ಧ ನಡೆಯುತ್ತಿತ್ತು, ಕ್ಯಾಸೆಟ್ ಬಂದದ್ದು ಏಪ್ರಿಲಿಗೆ. ಬಫೆಲೊ ಒಂದೇ ಅಂಕದಿಂದ ಸೋತಿತ್ತು. ಕೊನೆಯ ಗಳಿಗೆಯಲ್ಲಿ ನಲವತ್ತೇಳು ಗಜ ದೂರದಿಂದ ಒದ್ದ ಚೆಂಡು ಎರಡು ಕಂಬಗಳ ನಡುವೆ ಹೋಗಿದ್ದರೆ ಗೆಲುವು, ಅದು ಬಲಗಂಬದ ಹೊರಗೆ ಹೋಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಮೆರಿಕಕ್ಕೆ ಅಮೆರಿಕವೇ ಒದ್ದವನನ್ನು ಬೈಯುತ್ತಿದೆ ಎಂದು ಸಾಹೇಬರು ಹೇಳಿದರಂತೆ. ಪಕೀರಬ್ಬ ಒಪ್ಪಲಿಲ್ಲ.

"ಅವನದ್ದು ಎಂತ ತಪ್ಪು? ಒಂದು ಗಂಟೆ ಆಟ ಆಡಿದವರು ಎಷ್ಟು ಜನ? ಅಷ್ಟು ಜನ ಸೇರಿ ಮಾಡಿಟ್ಟದ್ದನ್ನು ಕೊನೆಗೆ ಒಬ್ಬನ ಕಾಲಿಗೆ ಕಟ್ಟಿದ್ರು. ನಮ್ಮಲ್ಲಿ ಆಡಿಟ್ ಬಂದಾಗ ನನ್ನ ತಲೆಗೆ ಕಟ್ಟುದಿಲ್ವಾ, ಹಾಗೆ."

ಮರುವರ್ಷ ವಾಷಿಂಗ್ಟನ್ ಎದುರು ಸೋತರು. ಆ ಆಟದಲ್ಲಿ ಬಫೆಲೊದ ಅತಿ ದೊಡ್ಡ ಓಟಗಾರನಿಗೆ ಸಮಯಕ್ಕೆ ಸರಿಯಾಗಿ ತನ್ನ ಹೆಲ್ಮೆಟ್ಟೇ ಸಿಗದೆ, ಆರಂಭದಲ್ಲಿ ಹೊರಗೆ ನಿಲ್ಲಬೇಕಾಯಿತು. ಪಕೀರಬ್ಬನವರಿಗೆ ಆ ಸೋಲಿಗಿಂತ ಇದೇ ದೊಡ್ಡ ನೋವು. "ಹೆಲ್ಮೆಟ್ ಎಲ್ಲಿಟ್ಟದ್ದು ಅಂತ ಗೊತ್ತಿಲ್ಲದವನನ್ನು ನಾನು ಸ್ಟೋರಿನೊಳಗೆ ಬಿಡುದಿಲ್ಲ. ಎಷ್ಟು ಓಡಿದ್ರೂ ಅಷ್ಟೇ," ಎಂದು ವಾರಗಟ್ಟಲೆ ಹೇಳಿದರು.

ಪ್ರತಿ ಸಲ ಚೆಂಡು ನಿಂತಾಗ ತಂಡದವರೆಲ್ಲ ಗುಂಪುಗೂಡಿ ಸಮಾಲೋಚಿಸುವುದು ಆ ಆಟದ ಪದ್ಧತಿ. ಬಫೆಲೊದವರು ಎಷ್ಟೋ ಸಲ ಅದನ್ನು ಬಿಟ್ಟು ತಟಕ್ಕನೆ ಮುಂದಿನ ಓಟ ಶುರು ಮಾಡುತ್ತಿದ್ದರು. ಪಕೀರಬ್ಬ ಅವರಿಗೆ ಮನಸೋತದ್ದು ಇದಕ್ಕೇ. "ಮೀಟಿಂಗ್ ಮಾಫಿ," ಮೀಟಿಂಗೇ ಇಲ್ಲ, ಎಂದು ಗಲ್ಫಿನ ಅರಬ್ಬಿಯಲ್ಲಿ ಹೇಳಿ ಕೈ ಕೊಡವುತ್ತಿದ್ದರು. "ನಮ್ಮ ಹೆಡ್ ಆಫೀಸಿಗೆ ಆ ಕ್ಯಾಸೆಟ್ ತೋರಿಸ್ಬೇಕು."

ಒಮ್ಮೆ ನಾನೂ ಆ ಆಟ ಕಲಿಯಲು ಹೊರಟೆ. ನಿಯಮದ ಪುಸ್ತಕ ತರಿಸಿ ಬಾಯಿಪಾಠ ಮಾಡಿ, ಡಲ್ಲಾಸ್ ತಂಡವನ್ನು ಆರಿಸಿಕೊಂಡು, ಒಂದು ಶುಕ್ರವಾರ ಕರೆಯದೆ ಸಾಹೇಬರ ಮನೆಗೆ ಹೋದೆ. ಸೋಫಾದಲ್ಲಿ ಕೂತು ನಿಯಮಗಳನ್ನು ಒಂದೊಂದಾಗಿ ಹೇಳಿದೆ. ಸಾಹೇಬರು ನಯವಾಗಿ ತಲೆಯಾಡಿಸಿದರು. ಮತ್ತೆ ಕರೆಯಲಿಲ್ಲ. ಮರುದಿನ ಪಕೀರಬ್ಬ ನನ್ನ ಮೇಜಿನ ಹತ್ತಿರ ಬಂದು, "ಡಲ್ಲಾಸ್ ಯಾಕೆ ಪೊರ್ಬುಗಳೇ? ಗೆದ್ದೆತ್ತಿನ ಬಾಲ ಹಿಡೀಲಿಕ್ಕೆ ಪುಸ್ತಕ ಓದ್ಬೇಕಾ?" ಎಂದರು. ಬೇಕೆಂದು ಚುಚ್ಚಿದ್ದಲ್ಲ, ನಗುತ್ತಲೇ ಹೇಳಿದ್ದು. ನನಗೆ ಮಾತ್ರ ಎರಡು ದಿನ ನಿದ್ದೆ ಬರಲಿಲ್ಲ.

1993ರ ಫೈನಲಿನಲ್ಲಿ ಅದೇ ಡಲ್ಲಾಸ್ ಬಫೆಲೊವನ್ನು ಐವತ್ತೆರಡು ಹದಿನೇಳರಿಂದ ಚಚ್ಚಿ ಹಾಕಿತು. ಪುಟ ತೆಗೆಯುವಾಗ ನನಗೆ ಹಬ್ಬ. ಆದರೆ ಕ್ಯಾಸೆಟ್ ನೋಡಿ ಬಂದ ಪಕೀರಬ್ಬನವರ ಮುಖದಲ್ಲಿ ಸೋಲಿನ ಕಳೆಯೇ ಇಲ್ಲ. ಆಟ ಕೈಬಿಟ್ಟುಹೋದ ಮೇಲೆ ಡಲ್ಲಾಸಿನವನೊಬ್ಬ ಚೆಂಡು ಹಿಡಿದು ಓಡಿ, ಅಂಕದ ಗೆರೆ ದಾಟುವ ಮೊದಲೇ ಕೈ ಚಾಚಿ ಮೆರೆದನಂತೆ. ಹಿಂದಿನಿಂದ ಬಫೆಲೊದ ಎಂಬತ್ತೆರಡು ನಂಬರಿನ ಹುಡುಗ ಮೈದಾನದುದ್ದಕ್ಕೂ ಓಡಿ ಬಂದು ಆ ಚೆಂಡನ್ನು ಹೊಡೆದು ಬೀಳಿಸಿದನಂತೆ.

"ಸೋತದ್ದು ಸೋತೇ ಆಗಿತ್ತು. ಓಡುವ ಅಗತ್ಯ ಇರ್ಲಿಲ್ಲ. ಆದ್ರೂ ಓಡಿದ. ಗೆದ್ದವನನ್ನು ಎಲ್ಲರೂ ನೋಡ್ತಾರೆ. ನನಗೆ ಇವನೇ ಸಾಕು," ಎಂದರು.

ಆಗ ನನಗೆ ಬಂದ ಹೊಟ್ಟೆಕಿಚ್ಚು ಸೋಫಾದ್ದಲ್ಲ. ಸೋತು ಸುಣ್ಣವಾದ ತಂಡವೊಂದನ್ನು ಇಟ್ಟುಕೊಂಡು ಈ ಮನುಷ್ಯ ಇಷ್ಟು ನೆಮ್ಮದಿಯಾಗಿ ಇರುವುದಾದರೂ ಹೇಗೆ ಎಂದು ಉರಿ. ನನ್ನ ಡಲ್ಲಾಸ್ ಗೆದ್ದಿತ್ತು, ನನಗೆ ಹೇಳಿಕೊಳ್ಳಲು ಒಬ್ಬನೂ ಇರಲಿಲ್ಲ.

ಅದೇ ವರ್ಷದ ಕೊನೆಗೆ ನಿಜವಾದ ವಿಷಯ ಬಂತು. ಸ್ಟೋರಿಗೆ ಸೂಪರ್‌ವೈಸರ್ ಹುದ್ದೆ ಮಂಜೂರಾಯಿತು, ಅದೂ ಫ್ಯಾಮಿಲಿ ಸ್ಟೇಟಸ್ಸಿನದ್ದು. ಎಂದರೆ ಹೆಂಡತಿಗೆ ವೀಸಾ, ಅಲ್ ವಕ್ರಾದಲ್ಲಿ ಫ್ಲಾಟು. ನನಗೆ ಕ್ರಿಸ್ಟೀನಾಳೊಂದಿಗೆ ಮದುವೆಯಾಗಿ ಒಂದೂವರೆ ವರ್ಷವಾಗಿತ್ತು, ಅದರಲ್ಲಿ ನಾವು ಒಟ್ಟಿಗಿದ್ದದ್ದು ಇಪ್ಪತ್ತೆಂಟು ದಿನ. ಪಕೀರಬ್ಬನವರದ್ದು ಇನ್ನೂ ದೊಡ್ಡ ಕಥೆ. ಹದಿನೈದು ವರ್ಷದಲ್ಲಿ ಅವರು ಹೆಂಡತಿ ನಫೀಸಾಳನ್ನು ನೋಡಿದ್ದು ಎರಡು ವರ್ಷಕ್ಕೊಮ್ಮೆ ಬರುವ ರಜೆಯಲ್ಲಿ. ಹುದ್ದೆಗೆ ಡಿಗ್ರಿ ಬೇಕೆಂದು ಹೆಡ್ ಆಫೀಸಿನ ನಿಯಮ. ಪಕೀರಬ್ಬನವರಿಗೆ ವಿನಾಯಿತಿ ಕೊಡಿ ಎಂದು ಮ್ಯಾನೇಜರ್ ಎರಡು ಸಾಲು ಬರೆದರೆ ಮಾತ್ರ ಅವರಿಗೆ ಸಿಗುತ್ತದೆ. ಫೆಬ್ರವರಿಯಲ್ಲಿ ಬರೆಯುತ್ತೇನೆ ಎಂದು ಡೊನೆಲಿ ಸಾಹೇಬರು ಅವರಿಗೆ ಹೇಳಿದ್ದರು.

ಹದಿನೈದು ವರ್ಷ ಸ್ಟೋರು ನಡೆಸಿದ ಮನುಷ್ಯ, ಯಾರು ನೋಡಿದರೂ ಅವರಿಗೇ ಸಲ್ಲಬೇಕಾದದ್ದು. ನನಗೆ ಹಾಗೆ ಕಾಣಲಿಲ್ಲ. ಎಲ್ಲ ಆ ಕೋಣದ ಟೋಪಿಯಿಂದ, ಎಲ್ಲ ಆ ಸೋಫಾದಿಂದ ಎಂದೇ ಕಂಡಿತು.

1994ರ ಫೆಬ್ರವರಿ ಒಂದು, ಮಂಗಳವಾರ. ಪೇಪರ್ ತೆರೆದೆ. ಬಫೆಲೊ ನಾಲ್ಕನೇ ಸಲ ಫೈನಲಿಗೆ ಹೋಗಿ ನಾಲ್ಕನೇ ಸಲ ಸೋತಿತ್ತು. ಮತ್ತೆ ಡಲ್ಲಾಸ್, ಮೂವತ್ತು ಹದಿಮೂರು. ನಾನು ಪುಟ ತೆಗೆಯಲಿಲ್ಲ. ಅದನ್ನೇ ಮೇಲೆ ಬರುವ ಹಾಗೆ ಮಡಚಿ ಸಾಹೇಬರ ಮೇಜಿನ ಮೇಲಿಟ್ಟು ಬಂದೆ.

ಎಂಟು ಗಂಟೆಗೆ ಸಾಹೇಬರು ಬಂದರು. ಸ್ವಲ್ಪ ಹೊತ್ತಿಗೆ ಪೇಪರ್ ಹಿಡಿದು ಹೊರಗೆ ಬಂದರು. ಮುಖ ಕೆಂಪಗಾಗಿತ್ತು. "ಇವತ್ತು ಇದನ್ನು ಇಟ್ಟವರು ಯಾರು?" ಎಂದು ಕೇಳಿದರು.

ಪಕೀರಬ್ಬ ನನ್ನನ್ನು ನೋಡಿದರು. ಆಮೇಲೆ ಎದ್ದು ನಿಂತು, "ಮೈ ಮಿಸ್ಟೇಕ್ ಸಾರ್. ಐ ಫರ್ಗಾಟ್," ಎಂದರು.

ನಾನು ಟೈಪ್‌ರೈಟರಿಗೆ ಕಾಗದ ಏರಿಸುತ್ತಿದ್ದೆ. ಏರಿಸುತ್ತಲೇ ಇದ್ದೆ. ಸಾಹೇಬರು ಪೇಪರನ್ನು ಬುಟ್ಟಿಗೆ ಎಸೆದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮೂರು ವಾರದ ಮೇಲೆ ಕ್ಯಾಸೆಟ್ ಬಂತು. ಪೊಟ್ಟಣ ಬಿಚ್ಚದೆ ಅವರ ಕಪಾಟಿನಲ್ಲೇ ಉಳಿಯಿತು, ಆ ಶುಕ್ರವಾರ ಪಕೀರಬ್ಬನವರಿಗೆ ಕರೆ ಬರಲಿಲ್ಲ. ಮಾರ್ಚಿನಲ್ಲಿ ಹೆಡ್ ಆಫೀಸಿನಿಂದ ಪತ್ರ ಬಂತು. ವಿನಾಯಿತಿ ಕೇಳಿದ ಎರಡು ಸಾಲು ಇಲ್ಲಿಂದ ಹೋಗಿರಲೇ ಇಲ್ಲ. ಡಿಗ್ರಿ ಇದ್ದವನು ನಾನೊಬ್ಬನೇ. ಹುದ್ದೆ ನನಗಾಯಿತು.

ಆ ಪುಟದಿಂದಲೇ ಹೀಗಾಯಿತೋ, ಸಾಹೇಬರು ಮರೆತರೋ, ಅವರ ಮನಸ್ಸೇ ಬದಲಾಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಬರಲಿಲ್ಲ. ಜೂನಿನಲ್ಲಿ ಅವರಿಗೆ ವರ್ಗವಾಯಿತು, ಹೊರಟುಹೋದರು.

ಆಗಸ್ಟಿನಲ್ಲಿ ಕ್ರಿಸ್ಟೀನಾ ಬಂದಳು. ಅಲ್ ವಕ್ರಾದ ಫ್ಲಾಟಿಗೆ ಪರದೆ ಹಾಕಿದಳು, ಬಾಲ್ಕನಿಯಲ್ಲಿ ಬಸಳೆ ನೆಟ್ಟಳು. ಪಕೀರಬ್ಬ ಈಗ ನನ್ನ ಕೈಕೆಳಗೆ. ಅದೇ ನಗು, ಅದೇ ಪೊರ್ಬುಗಳೇ. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಸಿಂಡರಿಸಿದ್ದರೆ ನನಗೆ ಹಗುರವಾಗುತ್ತಿತ್ತು. ಹುದ್ದೆ ಕಸಿದುಕೊಂಡ ಮೇಲೂ ನನಗೆ ಅವರ ಮೇಲಿನ ಹೊಟ್ಟೆಕಿಚ್ಚು ಹೋಗಲಿಲ್ಲ ಎಂದರೆ ನೀವು ನಂಬಬೇಕು.

1995ರ ಜನವರಿಯ ಒಂದು ಶುಕ್ರವಾರ ಕ್ರಿಸ್ಟೀನಾ ಹಟ ಹಿಡಿದು ಅವರನ್ನು ಊಟಕ್ಕೆ ಕರೆಸಿದಳು. ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿದ್ದಳು. ಪಕೀರಬ್ಬ ಎರಡು ಸಲ ಅನ್ನ ಹಾಕಿಸಿಕೊಂಡು, ಅವಳಿಗೆ ಬಫೆಲೊದ ಕಥೆಯೆಲ್ಲ ಹೇಳಿದರು. ಆ ವರ್ಷ ತಂಡ ಫೈನಲಿನ ಹತ್ತಿರವೂ ಸುಳಿದಿರಲಿಲ್ಲ.

"ಈಗ ಜನ ನಗುದು ನಿಂತಿದೆ ಅಮ್ಮ. ಫೈನಲಿಗೆ ಹೋಗಿ ಸೋತವನಿಗೆ ಮಾತ್ರ ನಗ್ತಾರೆ, ಮನೆಯಲ್ಲೇ ಕೂತವನಿಗೆ ಯಾರೂ ನಗುದಿಲ್ಲ," ಎಂದರು. "ನಾಲ್ಕು ಸಲ ಸೋಲ್ಲಿಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗ್ಬೇಕಲ್ಲ."

"ಮತ್ತೆ ಆ ಮೂರು ವಾರ ಹೇಗೆ ಕಾಯ್ತಿದ್ರಿ ಪಕೀರಾಕ? ಗೆದ್ದದ್ದಾ ಸೋತದ್ದಾ ಗೊತ್ತಿಲ್ಲದೆ? ನನಗಾದ್ರೆ ಹುಚ್ಚು ಹಿಡೀತಿತ್ತು," ಎಂದಳು ಕ್ರಿಸ್ಟೀನಾ.

"ನನಗೆ ಗೊತ್ತಾಗ್ತಿತ್ತು. ಸಾಹೇಬರಿಗೆ ಮಾತ್ರ ಗೊತ್ತಿರ್ಲಿಲ್ಲ."

"ಯಾರು ಹೇಳಿದ್ದು?"

"ನಿಮ್ಮ ಯಜಮಾನ್ರು."

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ನಾನು ಯಾವಾಗ ಹೇಳಿದ್ದು ಪಕೀರಾಕ? ನಾನು ಬಾಯಿ ಬಿಟ್ಟವನೇ ಅಲ್ಲ."

"ಬಾಯಲ್ಲಿ ಹೇಳ್ಲಿಲ್ಲ," ಎಂದರು ಅವರು, ಮೀನಿನ ಮುಳ್ಳು ಬಿಡಿಸುತ್ತಾ. "ವರ್ಷವಿಡೀ ನಿಮ್ಮ ಚಾ ನೀವು ಕುಡೀತಿದ್ರಿ, ನನ್ನ ಚಾ ನಾನು ಕುಡೀತಿದ್ದೆ. ಬಫೆಲೊ ಫೈನಲ್ ಸೋತ ಸುದ್ದಿ ಬಂದ ದಿವಸ ಮಾತ್ರ ನೀವೇ ನನ್ನ ಮೇಜಿಗೆ ಚಾ ತಂದಿಡ್ತಿದ್ರಿ. ನಾಲ್ಕು ವರ್ಷ, ನಾಲ್ಕು ಚಾ. ನಾಲ್ಕನೇದ್ದು ತಂದಾಗ ಪೇಪರ್ ಸಾಹೇಬರ ಮೇಜಿನ ಮೇಲೆ ಇತ್ತು."

ಕ್ರಿಸ್ಟೀನಾ ತಮಾಷೆಯೆಂದು ನಕ್ಕಳು. ನನಗೆ ಆ ಚಾ ಒಂದೂ ನೆನಪಿರಲಿಲ್ಲ. ಅವರು ಹೇಳಿದ ಮೇಲೆ ನಾಲ್ಕೂ ನೆನಪಾದವು, ಲೋಟದ ಸಮೇತ.

ಪಕೀರಬ್ಬ ನನ್ನ ಕಡೆ ತಿರುಗಲಿಲ್ಲ. ಅವಳಿಗೇ ಹೇಳುವಂತೆ ಮೆಲ್ಲಗೆ ಹೇಳಿದರು. "ಹೋದ ಮಾರ್ಚಿನಲ್ಲಿ ಹೆಡ್ ಆಫೀಸಿಂದ ಪತ್ರ ಬಂತಲ್ಲ, ಆ ದಿವಸವೂ ಇವರು ಚಾ ತಂದ್ರು. ಹಾಗಾಗಿ ಯಾರ ಹೆಸರು ಬಂದದ್ದು ಅಂತ ನಾನು ಕೇಳ್ಳಿಕ್ಕೆ ಹೋಗ್ಲಿಲ್ಲ. ಚಾ ಕುಡಿದು, ಊರಿಗೆ ಫೋನ್ ಮಾಡಿ, ಕಟ್ಟಿಟ್ಟ ಪೆಟ್ಟಿಗೆ ಬಿಚ್ಚು ಅಂತ ನಫೀಸಾಗೆ ಹೇಳಿದೆ."