ಜೋಡಿಹಕ್ಕಿ ಬಳಿದವಳು

ನನ್ನ ಅಣ್ಣನ ಮಗಳು ಫೂಸಿಗೆ ಈಗ ಹದಿನಾಲ್ಕು. ಬಾಯಾರಿದರೆ ಬಾಯಿಬಿಟ್ಟು ಕೇಳುವುದಿಲ್ಲ, ನನ್ನ ಕೈ ಹಿಡಿದು ನೀರಿನ ಕೊಡದ ಹತ್ತಿರ ಎಳೆದೊಯ್ಯುತ್ತಾಳೆ. ಆಟಿಸಂ ಎಂದು ಚಿಕ್ಕಂದಿನಲ್ಲೇ ಹೇಳಿದ್ದರು, ಬುದ್ಧಿಯ ಬೆಳವಣಿಗೆಯೂ ಕಡಿಮೆ ಎಂದಿದ್ದರು. ಮೊನ್ನೆ ಟೋಂಗಾದ ನಮ್ಮ ವವಾವು ದ್ವೀಪಕ್ಕೆ ಮಕ್ಕಳ ಬುದ್ಧಿಮಟ್ಟ ಅಳೆಯಲು ಬಂದ ಪರೀಕ್ಷಕಿ ಅವಳನ್ನು ಕೂರಿಸಿಕೊಂಡು ನೋಡಿದಳು. ಮಾತಿನ ಪ್ರಶ್ನೆಗಳಲ್ಲಿ ಫೂಸಿ ಪುಟ್ಟ ಮಗುವಿನಷ್ಟೇ. ಬಣ್ಣದ ತುಂಡುಗಳಿಂದ ನಕ್ಷೆ ಜೋಡಿಸುವುದರಲ್ಲಿ ಮಾತ್ರ ಓರಗೆಯವರ ಸಮಕ್ಕೆ ನಿಂತಳು.

"ಎರಡನ್ನೂ ಕೂಡಿಸಿ ಒಂದೇ ಅಂಕ ಬರೆದ್ರೆ ಮಗೂನೇ ಕಾಣಲ್ಲಮ್ಮ," ಎಂದಳು ಪರೀಕ್ಷಕಿ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಊರಿನ ಹೆಂಗಸರೆಲ್ಲ ಸೇರಿ ಮರದ ತೊಗಟೆ ಬಡಿದು, ನಕ್ಷೆ ಬಳಿದು ತೊಗಟೆಬಟ್ಟೆ ಮಾಡುವ ಚಪ್ಪರದಲ್ಲಿ ಜಾಗ ಸಿಕ್ಕರೇ ಹುಡುಗಿ ದೊಡ್ಡವರ ಲೆಕ್ಕಕ್ಕೆ. ಈ ಸಲದ ಬಟ್ಟೆ ಫೂಸಿಯ ಅಕ್ಕನ ಮದುವೆಯಲ್ಲಿ ಹಾಸುವುದಕ್ಕೆ. ಅದರಲ್ಲಿ ತಂಗಿಯ ಕೈ ಇರಲೇಬೇಕೆಂದು ನನ್ನ ಹಟ. ಗುಂಪಿನ ಹಿರಿಯಳು ಸಿಸಿಲಿಯಾ ಒಪ್ಪಲಿಲ್ಲ, ನನ್ನ ಹೆಸರು ಹಿಡಿದೇ ಗದರಿದಳು.

"ಹೈಲಾಲಾ, ಹೋದ್ಸಲ ನೂರು ಸಲ ಹೇಳ್ದೆ. ಕುಂಚ ಹಿಡ್ಕೊಂಡು ಓಲಾಡ್ತಾ ಕೂತಿದ್ಲು. ಬಟ್ಟೆ ಕೆಟ್ರೆ ಬೀಗರ ಮುಂದೆ ನೀನು ತಲೆ ತಗ್ಗಿಸ್ತೀಯಾ?"

"ಹೇಳಿದ್ದೇ ತಪ್ಪು ಕಣಕ್ಕಾ. ಮಾಡಿ ತೋರ್ಸು. ಒಂದು ಸಾಲು ಮುಗಿಯೋವರ್ಗೂ ಯಾರೂ ತುಟಿ ಬಿಚ್ಚಬಾರ್ದು."

"ಹಾಡಿಲ್ದೆ, ಹರಟೆಯಿಲ್ದೆ? ನಮ್ಮ ಉಸಿರೇ ಕಟ್ಟುತ್ತೆ ಬಿಡು," ಎಂದು ಯಾರೋ ನಕ್ಕರು. ಆದರೆ ನಾನು ಮದುಮಗಳ ಸೋದರತ್ತೆ. ಟೋಂಗಾದಲ್ಲಿ ಸೋದರತ್ತೆ ಪಟ್ಟು ಹಿಡಿದರೆ ಇಲ್ಲವೆನ್ನುವ ಗಂಡೆದೆ ಯಾರಿಗಿದೆ? ಗೊಣಗುತ್ತಲೇ ಬಾಯಿ ಮುಚ್ಚಿದರು.

ಸಿಸಿಲಿಯಾ ಒಣಗಿದ ಕೇದಗೆ ಹಣ್ಣಿನ ನಾರಿನ ಕುಂಚವನ್ನು ಬಣ್ಣದಲ್ಲಿ ಅದ್ದಿ, ಕಪ್ಪು ಬಿಳಿ ಮೂಲೆಗಳ ಜೋಡಿಹಕ್ಕಿ ನಕ್ಷೆಯ ಒಂದು ಸಾಲು ಬಳಿದಳು. ಫೂಸಿ ಎದುರು ಬದಿಯಲ್ಲಿದ್ದಳು. ಅಲ್ಲಿಂದ ನಕ್ಷೆ ತಲೆಕೆಳಗು. ಬಿಳಿ ಬಿಡಬೇಕಾದ ಮೂಲೆಗೆ ಹೊಸಬರು ಕಪ್ಪು ಮೆತ್ತುವುದು ಅಲ್ಲಿಯೇ, ನಾನೂ ಮೆತ್ತಿ ಬೈಸಿಕೊಂಡವಳು. ಫೂಸಿ ಓಲಾಡುವುದನ್ನು ನಿಲ್ಲಿಸಿ ತನ್ನ ಬದಿಯ ಸಾಲು ಶುರುಮಾಡಿದಳು. ಒಂದು ಹಕ್ಕಿ ಆಯಿತು, ಇನ್ನೊಂದು ಆಯಿತು. ಸಾಲಿನ ಕೊನೆಯವರೆಗೂ ಒಂದು ಮೂಲೆಯೂ ತಪ್ಪಲಿಲ್ಲ. ಗೆರೆ ತುಸು ದಪ್ಪವಾಗಿತ್ತು, ಬಣ್ಣ ಲಂಗಕ್ಕೂ ಮೆತ್ತಿತ್ತು. ಮೆತ್ತಲಿ ಬಿಡಿ. ಅವಳು ನಮ್ಮ ಮನೆಯ ಹುಡುಗಿ ಎಂದು ಕೂಗಿ ಹೇಳಬೇಕೆನಿಸಿತು.

ಸಿಸಿಲಿಯಾ ಬಗ್ಗಿ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಆಮೇಲೆ ಫೂಸಿಯ ಪಕ್ಕದಲ್ಲಿ ಕೂತಿದ್ದವರನ್ನು ಕೈಯಿಂದಲೇ ಸರಿಸಿದಳು.

"ಮದುಮಗಳು ಕೂರೋ ನಡುಭಾಗಾನ ನಾವಿಬ್ರೇ ಬಳೀತೀವಿ. ಮಾತಾಡೋರು ಆಚೆ ಹೋಗ್ರೇ."