ಬೀಡಿ ಕಟ್ಟುವವರು: ಸೊನ್ನೆ

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಸರ್ಕಾರಕ್ಕೆ ಬೇಕು! ತೊಕ್ಕೊಟ್ಟಿನ ಆ ಓಣಿಯಲ್ಲಿ ಯಾವ ಜಗಲಿ ನೋಡಿದರೂ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರೇ. ಆದರೂ ಅಲ್ಲಿ ಬೀಡಿ ಕಾರ್ಮಿಕರೇ ಇಲ್ಲ, ಅವರ ಹೆಸರಿನ ದವಾಖಾನೆಯನ್ನು ಬೇರೆಡೆಗೆ ಸಾಗಿಸುತ್ತೇವೆ ಎಂದು ಮೇಲಿನಿಂದ ಕಾಗದ ಬಂದಿತ್ತು. ಇದ್ದಾರೆಂದು ತೋರಿಸಲು ಸೋಮವಾರದವರೆಗೆ ಗಡುವು. ಅದನ್ನೂ ಸರ್ಕಾರದ್ದೇ ಅಂಕಿಅಂಶದಲ್ಲಿ ತೋರಿಸಬೇಕಂತೆ.

ಆ ಕೆಲಸ ಶಬ್ನಮ್ ತಲೆಗೆ ಬಂತು. ಬಲ್ಮಠದ ಸಣ್ಣ ಸಂಸ್ಥೆಯೊಂದರಲ್ಲಿ ಅಂಕಿಅಂಶ ನೋಡುವವಳು ಅವಳು. ಮೇಲಾಗಿ ಅದೇ ಓಣಿಯವಳು. ಅವಳ ಉಮ್ಮ ಸುಹರಾ ಬೀಡಿ ಕಟ್ಟಿಯೇ ಮಗಳನ್ನು ಎಂಎಸ್ಸಿ ಓದಿಸಿದ್ದು. ಈಗ ಉಮ್ಮನಿಗೆ ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಕಟ್ಟುತ್ತದೆ. ದವಾಖಾನೆ ಇಲ್ಲಿಂದ ಹೋದರೆ ಎರಡು ಬಸ್ಸು ಬದಲಿಸಿ ಮದ್ದು ತರಬೇಕು, ಆಕೆ ಹೋಗುವವಳಲ್ಲ.

ಶನಿವಾರ ಬೆಳಿಗ್ಗೆ ಶಬ್ನಮ್ ಆಫೀಸಿನಲ್ಲಿ ಲ್ಯಾಪ್‌ಟಾಪ್ ತೆರೆದಳು. ಸಾರ್ವಜನಿಕ ಅಂಕಿಅಂಶಗಳ ಕೆಟಲಾಗಿನಲ್ಲಿ ಸಾವಿರಾರು ಕೋಷ್ಟಕಗಳು. ಕಣ್ಣಲ್ಲೇ ಹುಡುಕಿದರೆ ವರ್ಷ ಕಳೆದೀತು. ಪೈತಾನ್‌ನಲ್ಲಿ ಹದಿನೈದು ಸಾಲು ಕೋಡ್ ಬರೆದು, ಬೀಡಿ, ಮಹಿಳೆ, ಜಿಲ್ಲೆ ಎಂಬ ಮೂರು ಪದ ಕೊಟ್ಟು ಓಡಿಸಿದಳು. ಹತ್ತೇ ಹತ್ತು ಬಂತು, ಒಂದೂ ಈ ಕಡೆಯದ್ದಲ್ಲ. ಕೆಟಲಾಗು ಒಂದು ಸಲಕ್ಕೆ ಒಂದೇ ಪುಟ ಕೊಡುತ್ತದೆಂದು ಆಮೇಲೆ ಹೊಳೆಯಿತು. ಕೊನೆಯ ಪುಟದವರೆಗೂ ಹೋಗುವಂತೆ ಕೋಡ್ ತಿದ್ದಿದಳು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು: ಹನ್ನೊಂದು ವರ್ಷ ಹಿಂದಿನ ಮನೆಮನೆ ಸಮೀಕ್ಷೆ, ಓಣಿ ಸಮೇತ.

“ಸಿಕ್ಕಿತು ಸರ್!”

ಸಂಸ್ಥೆ ನಡೆಸುವ ವಿಶ್ವೇಶ ಎದ್ದು ಬಂದರು. “ಎಷ್ಟು ಜನ ಉಂಟು ಮಾರಾಯ್ತಿ?”

ಬೀಡಿ ಕಟ್ಟುವವರು: ಸೊನ್ನೆ. ಪಕ್ಕದ ಕಾಲಂನಲ್ಲಿ, ಮನೆಗೆಲಸ ಮಾತ್ರ: ನೂರ ನಲವತ್ತಾರು.

“ಇದೆಂತ ಇದು! ಯಾವ ಪುಣ್ಯಾತ್ಮ ಬರೆದದ್ದು? ಕಣ್ಣು ಉಂಟೋ ಇಲ್ವೋ ಅವನಿಗೆ?”

ಆ ವರ್ಷ ಶಬ್ನಮ್ ಇನ್ನೂ ಡಿಗ್ರಿಯಲ್ಲಿದ್ದಳು. ಸರ್ಕಾರದ ಸಮೀಕ್ಷೆಗೆಂದು ಕಾಲೇಜಿನಿಂದ ಕಳಿಸಿದ್ದರು. ಪರಿಚಯದ ಜಾಗವೆಂದು ಅವಳಿಗೆ ಅವಳದೇ ಓಣಿ ಕೊಟ್ಟಿದ್ದರು. ಎಂತ ಕೆಲಸ ಮಾಡುದು ಎಂದು ಕೇಳಿದರೆ ಪ್ರತಿ ಹೆಂಗಸೂ ಬೀಡಿ ಸುತ್ತುವ ಕೈ ನಿಲ್ಲಿಸದೆ, “ಕೆಲಸ ಎಂತದ್ದೂ ಇಲ್ಲ, ಮನೆಯಲ್ಲೇ” ಎಂದಿದ್ದಳು. ಕೆಲಸವೆಂದರೆ ಹೊಸಿಲು ದಾಟಿ ಹೋಗಿ ಮಾಡುವಂಥದ್ದು, ಅಷ್ಟೇ. ಶಬ್ನಮ್ ಕೂಡ ಅಲ್ಲೇ ಹುಟ್ಟಿ ಬೆಳೆದವಳು, ಅವಳಿಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಮನೆಗೆಲಸ ಮಾತ್ರ ಎಂದೇ ಬರೆಯುತ್ತಾ ಹೋದಳು. ಕೊನೆಯ ಮನೆ ತನ್ನದೇ. ಅಲ್ಲಿ ಕೇಳುವ ಗೋಜಿಗೂ ಹೋಗಲಿಲ್ಲ.

“ನಾನೇ ಸರ್ ಬರೆದದ್ದು,” ಎಂದಳು. ಹೇಳುವಾಗ ಅಳು ಬಂತು.

ವಿಶ್ವೇಶ ಕುರ್ಚಿ ಎಳೆದು ಕೂತರು. “ಅಳಬೇಡ. ಪುನಃ ಮನೆಮನೆಗೆ ಹೋಗು, ಕೇಳಿ ಬರೆದು ಸಹಿ ಹಾಕಿಸು. ಸರ್ಕಾರದ ಲೆಕ್ಕವೇ ತಪ್ಪೆಂದು ಬರೆದು ಸೋಮವಾರ ಅದನ್ನೇ ಕೊಡುವ,” ಎಂದರು.

ಸಂಜೆ ಅವಳು ಬಂದಾಗ ಉಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಶಬ್ನಮ್ ಚಪ್ಪಲಿಯನ್ನೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತು ಖಾಲಿ ಫಾರಂ ತೆಗೆದಳು. ಈ ಸಲ ಮೊದಲು ಇಲ್ಲಿಂದಲೇ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು.

“ಉಮ್ಮ, ನೀನು ಎಂತ ಕೆಲಸ ಮಾಡುದು?”

ಸುಹರಾ ನೂಲು ಸುತ್ತುತ್ತಲೇ ನಕ್ಕಳು, ನಗುವಿಗೆ ಕೆಮ್ಮು ಬಂತು. ಕೆಮ್ಮಿ ಸುಧಾರಿಸಿಕೊಂಡು ಹೇಳಿದಳು: “ನನಗೆಂತ ಕೆಲಸ ಮಗಳೇ? ಮನೆಯಲ್ಲೇ ಅಲ್ವಾ.”